ಎರಡನೆಯವಳು ಬರುವವರೆಗೆ

ವಿಮಾನದ ಹಿಂದಿನ ಬಾಗಿಲನ್ನು ತಾನೇ ನೋಡಿಕೊಳ್ಳುತ್ತೇನೆ ಎಂದು ಪ್ರಯಾಣಿಕರೊಬ್ಬರು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದು ನಿಂತದ್ದನ್ನು ನೀವು ಎಂದಾದರೂ ನೋಡಿದ್ದೀರಾ?

ನಾನು ನೋಡಿದೆ. ಕಳೆದ ಮಂಗಳವಾರ, ಬೆಳಿಗ್ಗೆ ಒಂಬತ್ತೂ ನಲವತ್ತಕ್ಕೆ, ಕಲಬುರಗಿ ವಿಮಾನ ನಿಲ್ದಾಣದಲ್ಲಿ. (ಸಮಯ ಬರೆದುಕೊಳ್ಳುವುದು ಸುದ್ದಿಮನೆ ಹಚ್ಚಿದ ಚಟ. ನಿವೃತ್ತಿಯಾದ ಮೇಲೂ ಬಿಟ್ಟಿಲ್ಲ.)

ಅವತ್ತು ಶಹಾಬಾದಿನಿಂದ ಹೊರಟಾಗಲೇ ಲೋಕ ಅರ್ಧ ನಿದ್ದೆಯಲ್ಲಿತ್ತು. ತೊಗರಿ ಹೊಲಗಳಲ್ಲಿ ಮಂಜು ಮೊಣಕಾಲ ಮಟ್ಟಕ್ಕೆ ನಿಂತಿತ್ತು. ವಾಡಿ ಕಡೆಯ ಸಿಮೆಂಟ್ ಚಿಮಣಿಗಳಿಗೆ ಬುಡವೇ ಇರಲಿಲ್ಲ. ಯಾರೋ ಆಕಾಶದಿಂದ ಇಳಿಬಿಟ್ಟ ಹಾಗಿದ್ದವು. ನಿಲ್ದಾಣದಲ್ಲಿ ನಮ್ಮ ಪುಟ್ಟ ವಿಮಾನವೂ ಹಾಗೆಯೇ, ಚಕ್ರಗಳನ್ನು ಮಂಜಿನಲ್ಲಿ ಮರೆತು, ತೇಲುತ್ತಾ ನಿಂತಿತ್ತು. ಎಪ್ಪತ್ತೆರಡು ಸೀಟಿನ, ಪಂಖದ ವಿಮಾನ. ಹತ್ತುವುದು ಹಿಂದಿನ ಬಾಗಿಲಿನಿಂದ.

ನನ್ನ ಸೀಟು ಕೊನೆಯಿಂದ ಎರಡನೇ ಸಾಲಿನಲ್ಲಿ. ಹಿಂದೆ, ಕೊನೆಯ ಸಾಲಿನಲ್ಲಿ, ತಾಯಿ ಮತ್ತು ಮಗಳು. ಇಬ್ಬರಿಗೂ ಇದು ಮೊದಲ ವಿಮಾನ. ತಾಯಿ ಭೀಮಬಾಯಿ ಸೀಟಿನ ಸಂದಿಯಿಂದ ಮುಖ ತೂರಿಸಿ ಕೇಳಿದರು.

"ನೀವೂ ಬೆಂಗಳೂರಿಗೇನ್ರಿ?"

(ಆ ವಿಮಾನ ಬೇರೆಲ್ಲಿಗೂ ಹೋಗುವುದಿಲ್ಲ. ಆದರೂ ಕೇಳಬೇಕು. ನಮ್ಮ ಕಡೆ ಕೇಳದೆ ಕೂತವರನ್ನು ಸಿಟ್ಟಿನಲ್ಲಿದ್ದಾರೆ ಎಂದುಕೊಳ್ಳುತ್ತಾರೆ.)

"ಹೌದ್ರಿ."

"ನಮ್ಮ ರೇಣುಕಾಂದು ಸರ್ಕಾರಿ ನರ್ಸ್ ನೌಕರಿ ಆಗ್ಯಾದ್ರಿ."

"ಆಗಿಲ್ಲಬೇ ಯವ್ವಾ, ಇನ್ನಾ ಆಗಬೇಕು," ಎಂದಳು ಮಗಳು. ಇಪ್ಪತ್ತೇಳರ ಆಸುಪಾಸು, ಗಟ್ಟಿ ಮುಖದ ಹುಡುಗಿ. ಪ್ಲಾಸ್ಟಿಕ್ ಫೈಲನ್ನು ಎರಡೂ ಕೈಯಲ್ಲಿ ಎದೆಗೆ ಅವಚಿಕೊಂಡಿದ್ದಳು.

ವಿಷಯ ಇಷ್ಟು. ಆಯ್ಕೆ ಪಟ್ಟಿಯಲ್ಲಿ ರೇಣುಕಾಳ ಹೆಸರು ಬಂದಿದೆ. ಅಂದು ಸಂಜೆ ಐದರೊಳಗೆ ಬೆಂಗಳೂರಿನಲ್ಲಿ ಮೂಲ ದಾಖಲೆ ತೋರಿಸಬೇಕು. ತಪ್ಪಿದರೆ ನೌಕರಿ ಪಟ್ಟಿಯಲ್ಲಿ ಮುಂದಿನವರಿಗೆ. ರೈಲಿಗೇ ಹೋಗಬೇಕಿತ್ತು. ಆದರೆ ಇವರ ಮನೆ ಚಿತ್ತಾಪುರ ತಾಲ್ಲೂಕಿನ ಕಾಗಿಣಾ ದಂಡೆಯಲ್ಲಿ. ಒಮ್ಮೆ ಹೊಳೆ ಒಳಗೆ ಬಂದುಹೋದ ಮೇಲೆ ಮಹತ್ವದ ಕಾಗದ ಒಂದನ್ನೂ ಅವರು ಮನೆಯಲ್ಲಿಡುವುದಿಲ್ಲ. ಎಲ್ಲವೂ ಆಡಕಿ ಎಂಬ ಊರಿನಲ್ಲಿ, ಸೋದರಮಾವನ ಟ್ರಂಕಿನಲ್ಲಿ. ಮಾವ ಕೀಲಿಯ ಸಮೇತ ಯಾರದೋ ಮದುವೆಗೆ ಹೋಗಿದ್ದವರು ಸೋಮವಾರ ಸಂಜೆ ಬಂದರು. ಟ್ರಂಕು ತೆರೆಯುವ ಹೊತ್ತಿಗೆ ರೈಲು ವಾಡಿ ದಾಟಿತ್ತು. ಅಳಿಯನೊಬ್ಬ ಮೊಬೈಲಿನಲ್ಲಿ ವಿಮಾನದ ಟಿಕೆಟ್ ತೆಗೆದ.

"ಒಂದೂವರೆ ತಾಸಿನ್ಯಾಗ ಒಯ್ದು ಇಳಸ್ತಾನಂತ್ರಿ," ಎಂದರು ಭೀಮಬಾಯಿ. ಪೈಲಟ್ ಅವರ ಓಣಿಯವನೇ ಎಂಬ ಧಾಟಿಯಲ್ಲಿ.

ಆಗಲೇ ಅದು ಆದದ್ದು.

ಗಗನಸಖಿಯರು ಇಬ್ಬರಿದ್ದರು. ಚಿಕ್ಕಾಕೆ ವಯಸ್ಸಾದವರೊಬ್ಬರ ಚೀಲ ಹಿಡಿಯಲು ಎರಡು ಮೆಟ್ಟಿಲು ಇಳಿದಳು. ಮೆಟ್ಟಿಲ ಮೇಲೆ ಇಬ್ಬನಿ. ಜಾರಿದಳು. ಬಲಗೈ ಮೈಯ ಕೆಳಗೆ ಸಿಕ್ಕಿತು. ಎದ್ದು ಬಂದವಳ ತುಟಿಯಲ್ಲಿ ನಗು ಇತ್ತು, ಕಣ್ಣಲ್ಲಿ ನೀರು.

"ಪರವಾಗಿಲ್ಲ, ಮ್ಯಾನೇಜ್ ಮಾಡ್ತೀನಿ," ಎಂದಳು.

ಹಿರಿಯಾಕೆ ಒಪ್ಪಲಿಲ್ಲ. ಡಾಕ್ಟರ್ ಅಥವಾ ನರ್ಸ್ ಯಾರಾದರೂ ಇದ್ದೀರಾ ಎಂದು ಮೈಕಿನಲ್ಲಿ ಕೇಳಿದರು. ರೇಣುಕಾ ಎದ್ದಳು. ಭೀಮಬಾಯಿ ಅವಳ ದುಪಟ್ಟಾ ಹಿಡಿದು ಜಗ್ಗಿದರು.

"ಏನೂ ಆಗಿಲ್ಲ ಅನ್ನು. ನಾವು ಐದರೊಳಗ ಮುಟ್ಟಬೇಕಾಗ್ಯಾದ."

ಪಿಸುಮಾತು ಅದು. ಮೂರು ಸಾಲಿಗೆ ಕೇಳಿಸಿತು.

ರೇಣುಕಾ ಆ ಹುಡುಗಿಯ ಬೆರಳುಗಳನ್ನು ಒಂದೊಂದಾಗಿ ಮುಟ್ಟಿದಳು. ನನ್ನ ಕೈ ಒತ್ತಿ ಹಿಡಿ ಎಂದಳು. ಆಗಲಿಲ್ಲ. ಆಮೇಲೆ ತನ್ನ ಗಡಿಯಾರ ನೋಡಿಕೊಂಡಳು. ಎಷ್ಟು ಹೊತ್ತು ನೋಡಿದಳು? ಎರಡು ಸೆಕೆಂಡ್ ಇರಬಹುದು. ಆ ಎರಡು ಸೆಕೆಂಡಿನಲ್ಲಿ ಆಕೆಯ ಒಂದು ಬದುಕು ಆ ಕಡೆಗೋ ಈ ಕಡೆಗೋ ವಾಲುವುದಿತ್ತು.

"ಎಲುಬು ಮುರದಿರಬಹುದ್ರಿ. ಎಕ್ಸ್‌ರೇ ಆಗಬೇಕು. ಈ ಕೈಲೆ ಏನೂ ಎತ್ತಂಗಿಲ್ಲ, ಜಗ್ಗಂಗಿಲ್ಲ."

ಎಂದು, ತನ್ನ ದುಪಟ್ಟಾ ತೆಗೆದು ಆ ಕೈಯನ್ನು ಕೊರಳಿಗೆ ಜೋಲಿ ಕಟ್ಟಿದಳು.

ನಿಯಮ ಸರಳ. ಐವತ್ತು ಸೀಟಿಗೆ ಒಬ್ಬ ಗಗನಸಖಿ. ಅದರ ಮೇಲೆ ಒಂದೇ ಸೀಟು ಇದ್ದರೂ ಎರಡನೆಯವರು ಬೇಕು. ಆ ಎರಡನೆಯವರು ಕೆಲಸಕ್ಕೆ ಫಿಟ್ ಇರಬೇಕು. ಇಲ್ಲದಿದ್ದರೆ ವಿಮಾನ ಕದಲುವುದಿಲ್ಲ. ಹೈದರಾಬಾದಿನಿಂದ ಇನ್ನೊಬ್ಬರು ಕಾರಿನಲ್ಲಿ ಬರುತ್ತಾರೆ, ಅಲ್ಲಿಯವರೆಗೆ ಕಾಯಬೇಕು ಎಂದು ಹಿರಿಯಾಕೆ ಹೇಳಿದರು.

ಗದ್ದಲ ಶುರುವಾಯಿತು. ಸೇಡಂನ ಬೇಳೆ ವ್ಯಾಪಾರಿಯೊಬ್ಬರು ಎದ್ದರು.

"ಅಕ್ಕೋರೆ, ನಮಗ ಚಾ ಬ್ಯಾಡ, ನೀರು ಬ್ಯಾಡ. ಬುತ್ತಿ ತಂದೀವಿ. ಸುಮ್ನ ಕುಂದರ್ತೀವಿ. ಬಿಡ್ರಿ ಗಾಡಿ."

"ಹಾಗೆ ಆಗಲ್ಲ ಸರ್."

"ಹಂಗಾದ್ರ ಇಪ್ಪತ್ತೆರಡು ಮಂದಿ ಇಳೀತಾರ. ಐವತ್ತೇ ಮಂದಿ ಉಳೀತಾರಲ್ಲ?"

"ಮೊದಲ ನೀವು ಇಳೀರಿ ಸಾವಕಾರ್ರೆ. ಇಬ್ಬರ ಜಾಗ ಖಾಲಿ ಆಗ್ತದ," ಎಂದಿತು ಹಿಂದಿನಿಂದ ಒಂದು ದನಿ. ವ್ಯಾಪಾರಿ ತಮ್ಮ ಹೊಟ್ಟೆಯನ್ನು ನೋಡಿಕೊಂಡು ತಾವೂ ನಕ್ಕರು.

"ಜನರ ಲೆಕ್ಕ ಅಲ್ಲ ಸರ್, ಸೀಟಿನ ಲೆಕ್ಕ," ಎಂದರು ಹಿರಿಯಾಕೆ. ಖಾಲಿ ಸೀಟಿಗೂ ಒಬ್ಬರು ಹೊಣೆ! ನಾನು ಅದನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ.

ಆಗ ಎದ್ದರು ಭೀಮಬಾಯಿ.

ನಮ್ಮ ಭಾಗದ ಟಂಟಂ, ಅಂದರೆ ಶೇರ್ ಆಟೋ, ಹತ್ತದವರಿಗೆ ಇದು ತಿಳಿಯುವುದಿಲ್ಲ. ರಾವೂರಿನಿಂದ ವಾಡಿಗೆ, ವಾಡಿಯಿಂದ ಶಹಾಬಾದಿಗೆ ಓಡುವ ಟಂಟಂನಲ್ಲಿ ಡ್ರೈವರ್ ಒಬ್ಬನೇ. ಕ್ಲೀನರ್ ಇಲ್ಲ. ಹಿಂದಿನ ಬಾಗಿಲಿಗೆ ಯಾರು ಕೂತಿರುತ್ತಾರೋ ಅವರೇ ಅವತ್ತಿನ ಕ್ಲೀನರ್. ಹತ್ತುವವರಿಗೆ ಕೈ ಕೊಡಬೇಕು, ಮಕ್ಕಳನ್ನು ಎತ್ತಿ ಒಳಗೆ ಹಾಕಬೇಕು, ಇಳಿಯುವವರಿದ್ದರೆ ಟಾಪಿಗೆ ಎರಡು ಸಲ ಬಡಿಯಬೇಕು. ಯಾರೂ ನೇಮಿಸುವುದಿಲ್ಲ. ಯಾರೂ ಬೇಡವೆನ್ನುವುದಿಲ್ಲ. ಜಾಗವೇ ಹುದ್ದೆ.

ವಿಮಾನದಲ್ಲಿ ಹಿಂದಿನ ಬಾಗಿಲಿಗೆ ಕೂತವರು ಭೀಮಬಾಯಿ.

"ನಾ ಅದೀನಲ್ರಿ," ಎಂದರು. "ಹಿಂದಿನ ಬಾಗಿಲ ನಾ ನೋಡ್ತೀನಿ. ಮುಂದಿಂದು ನೀವು ನೋಡ್ರಿ. ಇಬ್ಬರಾಗಲಿಲ್ಲೇನು?"

ಯಾರೂ ನಗಲಿಲ್ಲ. ನಿಜ ಹೇಳಬೇಕೆಂದರೆ, ನನಗೂ ಒಂದು ಕ್ಷಣ ಆಗಬಹುದಲ್ಲ ಅನ್ನಿಸಿತು.

ಹಿರಿಯಾಕೆಯೂ ನಗಲಿಲ್ಲ. ಹತ್ತಿರ ಬಂದು, ಮೊಣಕಾಲೂರಿ, ಮೆಲ್ಲಗೆ ಕೇಳಿದರು.

"ಅಮ್ಮಾ, ವಿಮಾನ ಇಳಿಯುವಾಗ ಒಳಗೆ ಬೆಂಕಿ ಬಿತ್ತು ಅಂದ್ಕೊಳ್ಳಿ. ಹೊಗೆ, ಕತ್ತಲು. ಒಂದೂವರೆ ನಿಮಿಷದಲ್ಲಿ ಎಲ್ಲರೂ ಹೊರಗೆ ಹೋಗಬೇಕು. ನೀವು ಬಾಗಿಲು ತೆಗೆದ್ರಿ. ಮೊದಲು ಯಾರನ್ನ ಇಳಿಸ್ತೀರಿ?"

"ರೇಣುಕಾನ್ನ," ಎಂದರು ಭೀಮಬಾಯಿ. ಯೋಚಿಸಲೇ ಇಲ್ಲ.

"ಆಮೇಲೆ?"

ಭೀಮಬಾಯಿಯವರ ನೋಟ ಸೀಟಿನ ಸಾಲುಗಳ ಮೇಲೆ ಹಾದು ಮುಂದಿನ ತುದಿಯವರೆಗೆ ಹೋಗಿ ಬಂತು.

"ಅದಕ್ಕೇ ಅಮ್ಮಾ. ಇಲ್ಲಿ ತನ್ನವರು ಅಂತ ಯಾರೂ ಇಲ್ಲದವರು ಒಬ್ಬರು ಆ ಬಾಗಿಲಲ್ಲಿ ಇರಬೇಕು. ಎಲ್ಲರೂ ಇಳಿದ ಮೇಲೆ ಇಳಿಯೋರು."

ಭೀಮಬಾಯಿ ನಿಧಾನವಾಗಿ ಕೂತರು. ಸೊಂಟದ ಸೆರಗು ಬಿಚ್ಚಿದರು. ಆಮೇಲೆ, ಯಾರಿಗೂ ಅಲ್ಲದೆ, ಎಂದೋ ತುಂಬಿ ಹರಿದ ಹೊಳೆಯೊಂದನ್ನು ನೋಡುತ್ತ ಹೇಳಿದರು.

"ನಮ್ಮಪ್ಪ ಹರಗೋಲ ಹಾಕ್ತಿದ್ರಿ. ಹೊಳಿ ತುಂಬಿದಾಗ ನಮ್ಮನ್ನ ತನ್ನ ಹರಗೋಲದಾಗ ಕುಂದರಸ್ತಿದ್ದಿಲ್ಲ. ಕಾಕಾನ ಹರಗೋಲದಾಗ ಹತ್ರಿ ಅಂತಿದ್ದ. ಅಪ್ಪಗ ನಮ್ಮ ಮ್ಯಾಲ ಮಾಯಾ ಇಲ್ಲ ಅಂತ ನಾ ಅತ್ತೀನ್ರಿ, ಸಣ್ಣಾಕಿದ್ದಾಗ."

ಬಿಚ್ಚಿದ ಸೆರಗನ್ನು ಹೆಗಲ ಮೇಲೆ ಹೊದ್ದುಕೊಂಡರು.

"ಮಗುಚಿದ್ರ ಮೊದಲ ನಮ್ಮನ್ನೇ ಹಿಡೀತಿದ್ದನಲ್ಲ. ಉಳಿದ ಮಂದಿನ್ನ ಯಾರು ಹಿಡೀಬೇಕು?"

ನಮ್ಮನ್ನೆಲ್ಲ ಕೆಳಗಿಳಿಸಿ ನಿಲ್ದಾಣದ ಒಳಗೆ ಕೂರಿಸಿದರು. ಚಿಕ್ಕಾಕೆಯನ್ನು ಆಸ್ಪತ್ರೆಗೆ ಕಳಿಸಿದರು. ದುಪಟ್ಟಾ ಅವಳ ಜೊತೆಗೇ ಹೋಯಿತು.

ಮಂಜು ಕರಗಿ ಬಿಸಿಲಾಯಿತು. ರನ್‌ವೇ ಮೇಲೆ ಗಾಳಿ ನೀರಿನ ಹಾಗೆ ನಡುಗುತ್ತಿತ್ತು. ಬುತ್ತಿಗಳು ಬಿಚ್ಚಿಕೊಂಡವು. ಕಟಕ್ ರೊಟ್ಟಿ ಮುರಿಯುವ ಸದ್ದು, ಶೇಂಗಾ ಹಿಂಡಿಯ ವಾಸನೆ. ಆಮೇಲೆ ಒಬ್ಬೊಬ್ಬರಾಗಿ ತೂಕಡಿಸತೊಡಗಿದರು. ಹೊತ್ತು ಎಲ್ಲಿಗೂ ಹೋಗದೆ ನಮ್ಮ ಜೊತೆಯೇ ಕುರ್ಚಿಯಲ್ಲಿ ಕೂತಂತಿತ್ತು.

ನಿದ್ದೆ ಮಾಡದವಳು ರೇಣುಕಾ ಒಬ್ಬಳೇ. ಈಗ ಎಲ್ಲಿ ಕೆಲಸ ಎಂದು ಕೇಳಿದೆ. ಒಂದು ಆಸ್ಪತ್ರೆಯಲ್ಲಿ ಗುತ್ತಿಗೆಯ ಮೇಲೆ, ಮೂರು ವರ್ಷದಿಂದ.

"ವಾರ್ಡಿನ್ಯಾಗ ಎಷ್ಟು ಹಾಸಿಗಿ?"

"ನಲವತ್ತೆರಡು ಸರ್. ನೆಲದ ಮ್ಯಾಲಿನವರು ಬ್ಯಾರೆ."

"ನರ್ಸ್ ಎಷ್ಟು ಮಂದಿ?"

ಅವಳು ತನ್ನ ಎದೆಯ ಮೇಲೆ ಬೆರಳಿಟ್ಟು ತೋರಿಸಿದಳು. ಆಮೇಲೆ ಕೇಳಿದಳು, "ಸರ್, ನಾ ಅವರ ಕೈ ಚಲೋ ಅದ ಅಂದಿದ್ರ ವಿಮಾನ ಹೋಗ್ತಿತ್ತಲ್ಲ?"

"ಹೋಗ್ತಿತ್ತವ್ವಾ."

"ಐದರೊಳಗ ಮುಟ್ಟತಿದ್ವಿ."

"ಹೌದು."

ಅವಳು ತಲೆಯಾಡಿಸಿದಳು. ಪಶ್ಚಾತ್ತಾಪವೇ? ಹಾಗೇನೂ ಕಾಣಲಿಲ್ಲ. ಲೆಕ್ಕ ತಾಳೆ ನೋಡಿದವರ ಹಾಗಿತ್ತು. ಫೈಲನ್ನು ಮಾತ್ರ ಇನ್ನೂ ಬಿಗಿಯಾಗಿ ಹಿಡಿದಳು.

ನನಗೆ ಜೋಂಪು ಹತ್ತಿತು. ಕನಸಿನಂಥದ್ದೊಂದು ಬಂತು. ಸಮವಸ್ತ್ರದ ಹುಡುಗಿಯೊಬ್ಬಳು ಕಾರಿನಲ್ಲಿ ಬರುತ್ತಿದ್ದಾಳೆ. ತಾಂಡೂರು ದಾಟಿದಳು, ಸೇಡಂ ದಾಟಿದಳು. ದಾರಿಯುದ್ದಕ್ಕೂ ಎಲ್ಲವೂ ನಿಂತುಬಿಟ್ಟಿದೆ. ಗುಂಡಗುರ್ತಿಯಲ್ಲಿ ಶಾಲೆಯ ಗಂಟೆ ಬಾರಿಸುವವನ ಕೈ ಮೇಲೆತ್ತಿದ ಹಾಗೆಯೇ ಇದೆ. ಎರಡನೇ ಮಾಸ್ತರರು ಬಂದಿಲ್ಲ. ಚಿಂಚೋಳಿಯ ಕಂಬದ ಮೇಲೆ ಲೈನ್‌ಮನ್ ಹತ್ತಿಲ್ಲ. ಕೆಳಗೆ ನಿಲ್ಲಬೇಕಾದವನು ಬಂದಿಲ್ಲ. ಕಲ್ಲಿನ ಗಣಿಯಲ್ಲಿ ಮದ್ದಿಗೆ ಬೆಂಕಿ ಕೊಟ್ಟಿಲ್ಲ. ದಾರಿಯಲ್ಲಿ ಕೆಂಪು ಬಾವುಟ ಹಿಡಿಯುವವಳು ಬಂದಿಲ್ಲ. ಯಾರೂ ಬೈಯುತ್ತಿಲ್ಲ. ಎಲ್ಲರೂ ಬಿಸಿಲಿಗೆ ಮುಖ ಕೊಟ್ಟು, ಬರುತ್ತಾರೆ ಬಿಡಿ ಎಂದು ಕಾಯುತ್ತಿದ್ದಾರೆ. ಎಷ್ಟು ಸಮಾಧಾನವಾಗಿತ್ತು ಆ ನಿಂತ ಲೋಕ!

ಎಚ್ಚರವಾದಾಗ ಎರಡೂ ಕಾಲು. ಎರಡನೆಯವಳು ಬಂದಿದ್ದಳು. ಕೂದಲಲ್ಲಿ ದಾರಿಯ ಧೂಳು. ಬಂದವಳು ಕೂರಲಿಲ್ಲ. ಮೊದಲು ಹೋಗಿ ಹಿಂದಿನ ಬಾಗಿಲಿನ ಹಿಡಿಯನ್ನು ಮುಟ್ಟಿ ನೋಡಿದಳು.

ವಿಮಾನ ಎದ್ದಾಗ ಕೆಳಗೆ ಕಾಗಿಣಾ ಸಣ್ಣ ದಾರದಂತೆ ಕಂಡಿತು. ಭೀಮಬಾಯಿ ಕಿಟಕಿಗೆ ಹಣೆ ಹಚ್ಚಿ ನೋಡುತ್ತಿದ್ದರು. ರೇಣುಕಾ ಕೆಳಗೆ ನೋಡಲಿಲ್ಲ, ಗಡಿಯಾರ ನೋಡುತ್ತಿದ್ದಳು. ಬೆಂಗಳೂರಿನಲ್ಲಿ ಇಳಿದಾಗ ನಾಲ್ಕೂ ಐದು. ಅಲ್ಲಿಂದ ಊರೊಳಗೆ ಮುಟ್ಟಲು ಎಷ್ಟು ಹೊತ್ತು ಬೇಕೆಂದು ನಿಮಗೆ ಗೊತ್ತು. ನಾನು ನನ್ನ ನಂಬರ್ ಕೊಟ್ಟು, ಟ್ಯಾಕ್ಸಿ ಹತ್ತಿಸಿ ಕಳಿಸಿದೆ. ಏನಾಯಿತೆಂದು ತಿಳಿಸು ಎಂದೆ. ತಿಳಿಸುವಂಥದ್ದು ಏನೂ ಆಗುವುದಿಲ್ಲ ಎಂದೇ ನಾನು ನಂಬಿದ್ದೆ.

ಬುಧವಾರ ಬೆಳಿಗ್ಗೆ ಫೋನ್ ಬಂತು.

"ಸರ್, ಐದೂ ಮುಕ್ಕಾಲಕ್ಕ ಮುಟ್ಟಿದ್ವಿ. ಬಾಗಿಲ ಹಾಕಿರ್ತಾರ ಅಂದಿದ್ದೆ. ಒಳಗ ನೋಡಿದ್ರ ಇನ್ನಾ ಮೂವತ್ತು ಮಂದಿ ಕುಂತಾರ್ರಿ!"

ನಾಲ್ಕು ಮೇಜು ಹಾಕಿದ್ದರಂತೆ. ಮೂರು ಖಾಲಿ. ಒಬ್ಬನೇ ಗುಮಾಸ್ತ ಬೆಳಿಗ್ಗೆಯಿಂದ ಎಲ್ಲರ ಕಾಗದವನ್ನೂ ನೋಡುತ್ತಿದ್ದ. ಊಟವನ್ನೂ ಮಾಡಿರಲಿಲ್ಲವಂತೆ. ಸಾಲು ಮುಗಿಯುವವರೆಗೆ ಬಂದವರನ್ನೆಲ್ಲ ಸೇರಿಸಿಕೊಳ್ಳಿ ಎಂದು ಮೇಲಿನವರು ಹೇಳಿದ್ದರು. ಏಳೂ ಹತ್ತಕ್ಕೆ ರೇಣುಕಾಳ ಸರದಿ ಬಂತು. ಎಲ್ಲ ಕಾಗದ ಸರಿ ಇತ್ತು. ಮುದ್ರೆ ಬಿತ್ತು.

ನಾಲ್ವರೂ ಬಂದಿದ್ದರೆ ಕೆಲಸ ಮಧ್ಯಾಹ್ನಕ್ಕೇ ಮುಗಿಯುತ್ತಿತ್ತು. ರೇಣುಕಾ ಹೊರಗೆ ಉಳಿಯುತ್ತಿದ್ದಳು. ಎಲ್ಲ ಕಡೆಯೂ ಬೇಕಾದಷ್ಟು ಜನ ಇರಲೇಬೇಕು ಎಂಬ ನನ್ನ ವಾದಕ್ಕೆ ಈ ಸಂಗತಿಯಿಂದ ತೊಂದರೆಯಾಗುತ್ತದೆ. ಆದರೂ ನಡೆದದ್ದನ್ನು ನಡೆದ ಹಾಗೆ ಬರೆದಿದ್ದೇನೆ.

"ಯಾಕಮ್ಮಾ ಲೇಟು ಅಂತ ಗುಮಾಸ್ತರು ಕೇಳಿದ್ರು. ಎಲ್ಲಾ ಹೇಳಿದೆ. ಒಬ್ಬಾಕಿ ಇಲ್ಲಂತ ವಿಮಾನ ಬಿಡಲಿಲ್ಲ ಅಂದೆ. ಭಾಳ ನಕ್ಕರು. ಒಳ್ಳೇ ಮನಷ್ಯಾ ಸರ್."

"ಆಮ್ಯಾಲ?"

"ನಾನೂ ಒಂದು ಕೇಳಿದೆ. ಸರ್, ನಾಳೆ ನನ್ನ ಜೋಡಿ ಇರಬೇಕಾದಾಕಿ ಬರಲಿಲ್ಲಂದ್ರ, ವಾರ್ಡ್ ನಾ ಒಬ್ಬಾಕೇ ಸುರು ಮಾಡಬೇಕೇನ್ರಿ ಅಂತ."

ಗುಮಾಸ್ತ ನಗು ನಿಲ್ಲಿಸಿದನಂತೆ. ಪೆನ್ನು ಕೆಳಗಿಟ್ಟು, ಹಿಂದಿನ ಮೂರು ಖಾಲಿ ಕುರ್ಚಿಗಳ ಕಡೆ ಒಮ್ಮೆ ತಿರುಗಿ, ಮತ್ತೆ ಇವಳ ಮುಖ ನೋಡಿ ಕೇಳಿದನಂತೆ:

"ಏನಮ್ಮಾ, ಆಸ್ಪತ್ರೆ ಏನು ಆಕಾಶದಲ್ಲಿ ಹಾರುತ್ತಾ?"