ನಾನು ಗೀಟು ಹಾಕಿದ ಆರು ಸಾಲು

ನನ್ನ ನಾದಿನಿಯ ಉಗುರುಗಳು ಯಾವಾಗಲೂ ಬೆರಳಿನ ಮಾಂಸಕ್ಕೆ ತಾಗುವಷ್ಟು ಗಿಡ್ಡ. ಮೀನು ಮುಟ್ಟುವ ಮೊದಲೂ ಮೊಣಕೈವರೆಗೆ ಸೋಪು ಹಚ್ಚಿ ತೊಳೆಯುವವಳು. "ಬಂಗುಡೆಗೆ ಆಪರೇಷನ್ ಉಂಟಾ ಇವತ್ತು?" ಎಂದು ನನ್ನ ಗಂಡ ತಂಗಿಯನ್ನು ಕೆಣಕಿದರೆ, "ಉಂಟು ಅಣ್ಣ, ನೀವು ಹೊರಗೆ ಕೂತ್ಕೊಳ್ಳಿ" ಎನ್ನುತ್ತಿದ್ದಳು.

ನಾರಾವಿಯಿಂದ ಬಂದು ನಮ್ಮಲ್ಲೇ ಉಳಿದು, ಬಂಟ್ವಾಳದ ಸಣ್ಣ ಆಸ್ಪತ್ರೆಯೊಂದರಲ್ಲಿ ಡ್ಯೂಟಿ ಡಾಕ್ಟರಾಗಿದ್ದಳು. ಅವಳಿಗೆ ಆಗಬೇಕಿದ್ದದ್ದು ಸರ್ಜನ್. ಇಲ್ಲಿಯ ಪರೀಕ್ಷೆಯಲ್ಲಿ ಎರಡು ಸಲ ಸರ್ಜರಿ ಸೀಟು ಕೂದಲೆಳೆಯಲ್ಲಿ ತಪ್ಪಿತು. ಚರ್ಮರೋಗದ ಸೀಟು ಸಿಗುತ್ತಿತ್ತು, ಬೇಡವೆಂದಳು. ಕೊನೆಗೆ ಹೊರದೇಶದ ಆಸ್ಪತ್ರೆಯೊಂದರ ಸರ್ಜರಿ ತರಬೇತಿಗೆ ಅರ್ಜಿ ಹಾಕಿದಳು. ಎಂಬಿಬಿಎಸ್ ಮುಗಿಸಿ ಇಂತಿಷ್ಟು ವರ್ಷದೊಳಗಿನವರಿಗೆ ಮಾತ್ರ ಅಲ್ಲಿ ಅವಕಾಶ. ಅವಳಿಗೆ ಅದೇ ಕೊನೆಯ ವರ್ಷ.

ಅರ್ಜಿಯ ಜೊತೆ ತನ್ನ ಬಗ್ಗೆ ಒಂದು ಪುಟ ಬರೆಯಬೇಕಿತ್ತು. ನಾನು ಮೂಡುಬಿದಿರೆಯ ಕಾನ್ವೆಂಟಿನಲ್ಲಿ ಓದಿದವಳೆಂದು ಇಂಗ್ಲಿಷ್ ಕಾಗದಗಳನ್ನೆಲ್ಲ ತಿದ್ದಲು ಜನ ನನ್ನಲ್ಲಿಗೇ ತರುತ್ತಿದ್ದರು. ಅವಳೂ ತಂದಳು.

ಅದರಲ್ಲಿ ಆರು ಸಾಲು, ನೇತ್ರಾವತಿ ಹೊಳೆ ಉಕ್ಕಿ ಪೇಟೆಗೆ ನುಗ್ಗಿದ ದಿನದ್ದು. ಹುಲ್ಲು ಕತ್ತರಿಸುವ ಯಂತ್ರದ ಬ್ಲೇಡು ಹಾರಿ ತೊಡೆ ಸೀಳಿಕೊಂಡ ಒಬ್ಬನನ್ನು ಹೊತ್ತು ತಂದಿದ್ದರು. ಆಸ್ಪತ್ರೆಯ ದೊಡ್ಡ ಡಾಕ್ಟರು ನೆರೆಯ ಆಚೆ ಸಿಕ್ಕಿಬಿದ್ದಿದ್ದರು, ಕರೆಂಟೂ ಇರಲಿಲ್ಲ. ಇವಳು ಮುಷ್ಟಿಯಿಂದ ರಕ್ತನಾಳವನ್ನು ಒತ್ತಿ ಹಿಡಿದು, ದೋಣಿಯಲ್ಲಿ ಅವರು ಬಂದು ಮುಟ್ಟುವವರೆಗೆ ಒಂದು ಗಂಟೆ ಕೈ ತೆಗೆಯಲಿಲ್ಲ. ದೊಡ್ಡ ಡಾಕ್ಟರ ಮಗಳು, ಆಗಿನ್ನೂ ಎಂಬಿಬಿಎಸ್ ಓದುತ್ತಿದ್ದವಳು, ಪಕ್ಕದಲ್ಲಿ ಟಾರ್ಚು ಹಿಡಿದು ನಿಂತಿದ್ದಳು. ಆ ಮನುಷ್ಯ ಬದುಕಿದ.

"ಇದು ಸ್ವಲ್ಪ ಜಂಬದ ಹಾಗೆ ಕಾಣ್ತದೆ ಮಾರಾಯ್ತಿ," ಎಂದೆ ನಾನು. ನಮ್ಮ ಸಿಸ್ಟರುಗಳು ಕಲಿಸಿದ್ದು ಅದನ್ನೇ. ಮಾಡಿದ್ದನ್ನು ಬೇರೆಯವರು ಹೇಳಬೇಕು, ನಾವಲ್ಲ.

"ಆದದ್ದೇ ಬರೆದದ್ದು ಅತ್ತಿಗೆ."

"ಆದದ್ದು ಹೌದು. ಆದರೆ ದೊಡ್ಡವರ ಹೆಸರು ಮುಂದೆ ಇದ್ದರೆ ಚಂದ ಅಲ್ವಾ?"

ಅವಳು ಕಾಗದವನ್ನು ನನ್ನ ಕಡೆ ಸರಿಸಿ, "ನಿಮಗೆ ಸರಿ ಕಂಡ ಹಾಗೆ ಮಾಡಿ" ಎಂದಳು. ನಾನು ಆರು ಸಾಲಿಗೂ ಗೀಟು ಹಾಕಿ, ಅದರ ಬದಲು ಹಿರಿಯರ ಮಾರ್ಗದರ್ಶನದಲ್ಲಿ ಎಲ್ಲರೊಂದಿಗೆ ಸೇರಿ ತುರ್ತು ಚಿಕಿತ್ಸೆಯಲ್ಲಿ ನೆರವಾಗಿದ್ದೇನೆ ಎಂದು ಬರೆದೆ. ನನ್ನ ವಾಕ್ಯ ನನಗೇ ಬಹಳ ಚಂದ ಕಂಡಿತು.

ಎರಡು ತಿಂಗಳಲ್ಲಿ ಉತ್ತರ ಬಂತು. ಅಂಕಗಳು ಉತ್ತಮ, ನಡತೆ ಉತ್ತಮ, ಆದರೆ ಸಂಕಟದ ಹೊತ್ತಿನಲ್ಲಿ ಸ್ವತಃ ನಿರ್ಧರಿಸಿ ನಿಂತದ್ದಕ್ಕೆ ಒಂದು ಉದಾಹರಣೆಯೂ ಕಾಣಲಿಲ್ಲವಂತೆ. ಅವಳು ಅದನ್ನು ನನಗೆ ಮೆಲ್ಲನೆ ಓದಿ ಹೇಳಿದಳು. ನಾನು ಬಾಯಿ ತೆರೆಯುವ ಮೊದಲೇ, "ನಾನೂ ಒಪ್ಪಿದ್ದಲ್ವಾ ಅತ್ತಿಗೆ" ಎಂದು ಎದ್ದು ಡ್ಯೂಟಿಗೆ ಹೋದಳು.

ಮರುವರ್ಷ ದೊಡ್ಡ ಡಾಕ್ಟರ ಮಗಳು ಕಾಗದ ಹಿಡಿದು ಬಂದಳು. ಅದೇ ತರಬೇತಿ. "ಆಂಟಿ, ಸ್ವಲ್ಪ ಸ್ಪೆಲ್ಲಿಂಗ್ ನೋಡಿ ಕೊಡ್ತೀರಾ?" ಎರಡನೇ ಪ್ಯಾರಾದಲ್ಲಿ ನೆರೆ ಇತ್ತು, ತೊಡೆಯ ಗಾಯವಿತ್ತು, ಒಂದು ಗಂಟೆ ಒತ್ತಿ ಹಿಡಿದ ಮುಷ್ಟಿಯಿತ್ತು. ಮುಷ್ಟಿ ಮಾತ್ರ ಈ ಹುಡುಗಿಯದ್ದಾಗಿತ್ತು. ಟಾರ್ಚು ಹಿಡಿದವರು ಯಾರೆಂದು ಬರೆದಿರಲಿಲ್ಲ. ಕೊನೆಯಲ್ಲಿ ಎಲ್ಲವೂ ಸತ್ಯವೆಂದು ಅಪ್ಪನ ಸಹಿ.

ನಾದಿನಿ ಆಗ ಆ ಅಪ್ಪನ ಆಸ್ಪತ್ರೆಯಲ್ಲೇ ಡ್ಯೂಟಿಯಲ್ಲಿದ್ದಳು. ಅವಳ ಕೆಲಸಕ್ಕೆ ಕುತ್ತು ಬಂದೀತೆಂದು ಸುಮ್ಮನಾದೆ ಎಂದು ಈಗ ಹೇಳಿಕೊಳ್ಳಬಹುದು. ನಿಜವೇನೆಂದರೆ, ಎದುರಿಗೆ ಕೂತವರ ಮುಖ ಮುರಿಯುವಂತೆ ಮಾತಾಡಲು ನನಗೆ ಯಾರೂ ಕಲಿಸಿರಲಿಲ್ಲ. ಎರಡು ಸ್ಪೆಲ್ಲಿಂಗ್ ಸರಿಮಾಡಿ, ಚಹಾ ಕೊಟ್ಟು ಕಳಿಸಿದೆ.

ಆ ಹುಡುಗಿ ಆಯ್ಕೆಯಾದಳು. ಸುದ್ದಿ ಬಂದ ದಿನ ನಾದಿನಿಗೆ ಎಲ್ಲವನ್ನೂ ಹೇಳಿದೆ. 

"ಅವಳದ್ದಕ್ಕೆ ನೀವು ಗೀಟು ಹಾಕ್ಲಿಲ್ವಾ?"

"ಇಲ್ಲ."

"ಹ್ಞೂಂ."

ನಾದಿನಿ ಈಗ ಮೂಡುಬಿದಿರೆಯ ಒಂದು ಕ್ಲಿನಿಕ್ಕಿನಲ್ಲಿ ಜ್ವರಕ್ಕೂ ಕೆಮ್ಮಿಗೂ ಮದ್ದು ಬರೆಯುತ್ತಾಳೆ. ಭಾನುವಾರ ತಪ್ಪದೆ ಬರುತ್ತಾಳೆ, ನನ್ನ ಬೀಪಿ ನೋಡುತ್ತಾಳೆ, ಮಾತ್ರೆ ಮುಗಿಯುವ ಮೊದಲೇ ತಂದಿಡುತ್ತಾಳೆ. ಇಷ್ಟು ವರ್ಷದಲ್ಲಿ ಒಂದು ಕಟುಮಾತು ಆಡಿಲ್ಲ. ನನ್ನ ಮಗಳು ಶಾಲೆಯ ಪ್ರಬಂಧ ತಂದು, "ಅಮ್ಮ, ತಿದ್ದಿ ಕೊಡಿ" ಎಂದರೆ ಮಾತ್ರ, ಅರ್ಧ ಕುಡಿದ ಚಹಾ ಅಲ್ಲೇ ಬಿಟ್ಟು ಅಂಗಳಕ್ಕೆ ಎದ್ದು ಹೋಗುತ್ತಾಳೆ.