ಒಡೆದ ಗಾಜಿನ ಜಾಗದಲ್ಲಿ

ಆ ಗಾಜು ಒಡೆದಿತ್ತು, ಬಸಪ್ಪಾ. ನಾನು ಕಣ್ಣಾರೆ ನೋಡಿದ್ದೆ. ಒಡೆದಿರಲಿಲ್ಲ ಎಂದು ವಿಚಾರಣೆಯಲ್ಲಿ ನಾನು ಹೇಳಿದ್ದು ಸುಳ್ಳು.

ಹೆಬ್ಬಳ್ಳಿಯಿಂದ ಒಂದೇ ಬಸ್ಸಿನಲ್ಲಿ ಚಿನ್ನದ ಗಣಿಗೆ ಹೋದವರು ನಾವು. ನಿನಗೆ ಬಂಡೆ ಕೊರೆಯುವ ಕೆಲಸ ಸಿಕ್ಕಿತು, ನನಗೆ ಬಂಡೆ ಕಾಯುವ ಕೆಲಸ. ಭೂಮಿಯ ಅಷ್ಟು ಆಳದಲ್ಲಿ ತಲೆಯ ಮೇಲಿನ ಬಂಡೆ ಬಿರುಕು ಬಿಟ್ಟರೆ, ಬಿರುಕಿಗೆ ಅಡ್ಡಲಾಗಿ ಒಂದು ಗಾಜಿನ ಪಟ್ಟಿಯನ್ನು ಸಿಮೆಂಟಿನಿಂದ ಅಂಟಿಸುವುದು, ದಿನಾ ಹೋಗಿ ನೋಡುವುದು. ಬಂಡೆ ಚೂರು ಸರಿದರೂ ಗಾಜು ಒಡೆಯುತ್ತದೆ. ಒಡೆದರೆ ಎಲ್ಲರನ್ನೂ ಹೊರಗೆ ಕಳಿಸಬೇಕು. ಹೆಚ್ಚಿನ ಓದು ಬೇಕಿರಲಿಲ್ಲ, ಕಣ್ಣು ಸಾಕಿತ್ತು.

ನೀನೋ — ದಿನಾ ಎಲ್ಲರೆದುರು, "ಬಂದ್ರು ನೋಡ್ರಿ ಗಾಜಿನ ಪೂಜಾರಿ! ಇವತ್ತ ಮಂಗಳಾರತಿ ಎಷ್ಟೊತ್ತಿಗ್ರಿ?" ಅನ್ನುತ್ತಿದ್ದೆ. ಒಮ್ಮೆ ಬೇಕಂತಲೇ ಹಾರೆಯಿಂದ ಕುಟ್ಟಿ ಗಾಜು ಒಡೆದು, ನಾನು ಎಲ್ಲರನ್ನೂ ಹೊರಗೆ ಓಡಿಸಿದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕವನು ನೀನು. ಸಾಹೇಬರು ಬೈದದ್ದು ನನಗೆ. ಆ ಅವಮಾನ ಇನ್ನೂ ಮರೆತಿಲ್ಲ.

ಅದಕ್ಕೇ ಆ ಬೆಳಿಗ್ಗೆ ಗಾಜು ತುಂಡಾಗಿದ್ದನ್ನು ಕಂಡಾಗ, ಇದೂ ನಿನ್ನದೇ ಚೇಷ್ಟೆ ಎಂದುಕೊಂಡೆ — ಇಲ್ಲ, ಪೂರ್ತಿ ಹೇಳಿಬಿಡುತ್ತೇನೆ. ಹಾರೆಯ ಗುರುತು ಇದೆಯೇ ಎಂದು ಹುಡುಕಿದೆ. ಇರಲಿಲ್ಲ. ಆದರೂ ಒಡೆದದ್ದನ್ನು ಕಿತ್ತು ಜೇಬಿಗೆ ಹಾಕಿಕೊಂಡು ಹೊಸ ಗಾಜು ಅಂಟಿಸಿದೆ. ಮತ್ತೊಮ್ಮೆ ಇವನು ನಗಬಾರದು — ತಲೆಯಲ್ಲಿ ಅಷ್ಟೇ ಇತ್ತು.

"ಏನೋ ಪೂಜಾರಿ, ಎಲ್ಲಾ ಛಲೋ ಐತೇನು?" ಎಂದು ಕೇಳಿದೆ ನೀನು.

"ಛಲೋ ಐತಿ, ಹೋಗ ಒಳಗ" ಅಂದೆ.

ಮಧ್ಯಾಹ್ನದ ಹೊತ್ತಿಗೆ ಬಂಡೆ ನಿನ್ನ ಕಾಲ ಮೇಲಿತ್ತು. ಗಾಜು ಸರಿ ಇತ್ತು, ಬಸಪ್ಪನೇ ಹಾರೆ ಹಾಕಿ ಬಂಡೆ ಮೀಟಿದ ಎಂದು ವಿಚಾರಣೆಯಲ್ಲಿ ಹೇಳಿದೆ. ನಿನ್ನ ಹಳೆಯ ಆಟ ಎಲ್ಲರಿಗೂ ಗೊತ್ತಿತ್ತಲ್ಲ, ನಂಬಿದರು. ಕಾಲು ಹೋಯಿತು, ತಪ್ಪೂ ನಿನ್ನದೇ ಎಂದು ಮನೆಗೆ ಕಳಿಸಿದರು.

ಈಗ ಅಮರಗೋಳದ ಮಾರ್ಕೆಟ್ಟಿನ ಗೇಟಿನ ಬಳಿ, ನಿನ್ನ ಚಹಾದಂಗಡಿಯ ಮುಂದೆ ಹಾದಾಗಲೆಲ್ಲ ನೀನು ಉಗುಳುತ್ತೀ. ನಾನೂ ತಿರುಗಿ ಉಗುಳುತ್ತೇನೆ. ಇವತ್ತಿಗೂ ನಿನ್ನನ್ನು ಕಂಡರೆ ನನಗಾಗುವುದಿಲ್ಲ. ಪ್ರೀತಿ ಉಕ್ಕಿ ಇದನ್ನು ಬರೆಯುತ್ತಿಲ್ಲ.

ಆದರೆ — ನನ್ನ ಮೊಮ್ಮಗಳು ಸುಮಾಳಿಗೆ ಗಣಿಯಲ್ಲಿ ಕೆಲಸ ಸಿಕ್ಕಿದೆ! ಬಂಡೆ ಕಾಯುವ ಕೆಲಸವೇ! ಬಂಡೆಯೊಳಗೆ ಯಂತ್ರ ಇಳಿಸಿ, ಬಂಡೆ ಅಲುಗಿದರೆ ಮೇಲೆ ಕೂತು ಕಂಪ್ಯೂಟರಿನಲ್ಲಿ ನೋಡುತ್ತಾಳಂತೆ. ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಬೈರಿದೇವರಕೊಪ್ಪದ ನಮ್ಮ ಓಣಿಗೆಲ್ಲ ಫೇಡೆ ಹಂಚಿದೆ, ಗುರುತಿಲ್ಲದ ರಿಕ್ಷಾದವನ ಬಾಯಿಗೂ ಇಟ್ಟೆ. ಹಂಚಿ ಬಂದು ಕೂತಾಗ ಅವಳು ಕೇಳಿದಳು: "ಅಜ್ಜಾ, ಗಾಜು ಒಡದಿದ್ರ ನೀ ಏನ್ ಮಾಡ್ತಿದ್ದಿ?"

"ಎಲ್ಲಾರ್ನೂ ಹೊರಗ ಕಳಸ್ತಿದ್ನಿ, ನಮ್ಮವ್ವಾ."

"ನಾನೂ ನಿನ್ನಂಗ ಮಾಡ್ತೇನಿ ನೋಡು" ಎಂದು ನನ್ನ ಕೈ ಹಿಡಿದುಕೊಂಡಳು.

ಬಾಯಿಗಿಡಲಿದ್ದ ಫೇಡೆಯನ್ನು ಡಬ್ಬಿಗೇ ತಿರುಗಿ ಹಾಕಿದೆ, ಬಸಪ್ಪಾ. ನನ್ನಂಗ — ಅವಳು ನನ್ನಂಗ ಮಾಡಿದರೆ...

ಅವಳು ಕೆಲಸಕ್ಕೆ ಹೊರಡುವ ಮೊದಲು ನಿನ್ನ ಅಂಗಡಿಗೆ ಕರೆದುಕೊಂಡು ಬರುತ್ತೇನೆ. ಫೇಡೆ ತರುವುದಿಲ್ಲ. ಆ ಬೆಳಿಗ್ಗೆ ನಾನು ಏನು ಮಾಡಿದೆ ಎಂದು ನಿನ್ನ ಮುಂದೆಯೇ ಅವಳಿಗೆ ಹೇಳುತ್ತೇನೆ. ಉಗುಳುವುದಿದ್ದರೆ ಅವಳ ಎದುರಿಗೇ ಉಗುಳು.

ಈ ಸಲ ನಾನು ತಿರುಗಿ ಉಗುಳುವುದಿಲ್ಲ.