ಕಪ್ಪು ಬಣ್ಣ ಹಚ್ಚಿದ ಮೇಲೆ

ಆ ಅಂಗಡಿಯಲ್ಲಿ ತಮ್ಮ ಬಡಗಿ, ಅಣ್ಣ ಪಾಲಿಶಿನವನು. ಮೂವತ್ತು ವರ್ಷ ಒಂದೇ ಸೂರಿನಡಿ ದುಡಿದರೂ ಅಣ್ಣನ ಮೂಗಿನ ತುದಿಯ ಸಿಟ್ಟು ಇಳಿದಿರಲಿಲ್ಲ. ತಮ್ಮ ಮರ ಉಜ್ಜುವ ರೀತಿಯೇ ಅದಕ್ಕೆ ಕಾರಣ. ಎಂಬತ್ತನೇ ನಂಬರಿನ ಒರಟು ಉಪ್ಪುಕಾಗದ ಹಿಡಿದವನು ನಡುವಿನದನ್ನೆಲ್ಲ ಹಾರಿಸಿ ಇನ್ನೂರಿಪ್ಪತ್ತರ ನುಣುಪು ಕಾಗದಕ್ಕೆ ಜಿಗಿಯುತ್ತಿದ್ದ. ಕೈಯಾಡಿಸಿದರೆ ಬೆಣ್ಣೆ. ಬಣ್ಣ ಹಚ್ಚಿದೊಡನೆ ಒಳಗಿದ್ದ ಗೀರುಗಳೆಲ್ಲ ಎದ್ದು ನಿಲ್ಲುತ್ತಿದ್ದವು.

"ಪಾಲಿಶ್ ಹಾಕಿದ್ರೆ ಮುಚ್ಚೋಗುತ್ತೆ ಬಿಡಣ್ಣ."

"ಹೊಳಪಿಲ್ಲದ ಮಂಕು ವಾರ್ನಿಶ್ ಹೊಡೆದ್ರೆ ಮುಚ್ಚುತ್ತೆ. ಕಪ್ಪು ಬಣ್ಣ ಹಚ್ಚಿ, ಮೇಲೆ ಮಿಂಚೋ ವಾರ್ನಿಶ್ ಹೊಡೆದ್ರೆ ಊರಿಗೆಲ್ಲ ಸಾರುತ್ತೆ. ಎಷ್ಟು ಸಲ ಹೇಳ್ಬೇಕು ನಿಂಗೆ?"

ಕಾಗದವೇ ಸರಿಯಿಲ್ಲ ಎಂದು ತಮ್ಮ ಗೊಣಗಿದರೆ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆ ಅಣ್ಣನ ನಾಲಗೆಯ ಮೇಲೇ ಇರುತ್ತಿತ್ತು.

ಈಚೆಗೆ ಇನ್ನೊಂದು ಪೀಡೆ. ಅಣ್ಣನ ಹೆಂಡತಿ ದಿನಾ ಬೆಳಿಗ್ಗೆ ಕಣ್ಣಿನ ಡಾಕ್ಟರ ಮಾತೆತ್ತುತ್ತಿದ್ದಳು. ಕಣ್ಣು ಹೋಯಿತೆಂದರೆ ಪಾಲಿಶಿನವನ ಕತೆ ಮುಗಿಯಿತು. ಗೀರು ಹುಡುಕುವುದೊಂದೇ ಅವನಿಗೆ ಗೊತ್ತಿದ್ದ ವಿದ್ಯೆ. ಆ ಭಯವನ್ನು ಬಾಯಿಬಿಟ್ಟು ಹೇಳಲಾರದೆ ಅವಳ ಮೇಲೆ ರೇಗುತ್ತಿದ್ದ.

ಗ್ರಂಥಾಲಯದ ಓದುಮೇಜಿನ ಕೆಲಸ ಬಂದಾಗ, "ಉಜ್ಜೋದಕ್ಕೆ ನೀನು ಕೈ ಹಾಕ್ಲೇಬೇಡ" ಎಂದು ತಮ್ಮನನ್ನು ದೂರವಿಟ್ಟು ತಾನೇ ನಿಂತ. ಗ್ರಂಥಪಾಲಕಿ ಕೇಳಿದ್ದು ಕಡುಕಪ್ಪು ಬಣ್ಣ, ಕನ್ನಡಿಯ ಹೊಳಪು. ಎರಡು ದಿನ ಒಂದೂ ನಂಬರು ಬಿಡದೆ ಉಜ್ಜಿದ. ಮೂರನೆಯ ದಿನ ಬಣ್ಣ ಹಚ್ಚಿ ಒರೆಸಿ, ಸೊಂಟದ ಮೇಲೆ ಕೈಯಿಟ್ಟು ತಮ್ಮನನ್ನು ಕರೆದ.

"ನೋಡು. ಕೆಲಸ ಅಂದ್ರೆ ಇದು."

ತಮ್ಮ ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ.

"ಬಾಯಿಗೇನು ಬೀಗ ಹಾಕ್ಕೊಂಡಿದೀಯ?"

"ಹೊಳಪಿಂದು ಬೇಡ ಅಣ್ಣ. ಮಂಕು ವಾರ್ನಿಶ್ಶೇ ಹೊಡೆಯೋಣ. ಆಯಮ್ಮನಿಗೆ ನಾನು ಹೇಳ್ಕೋತೀನಿ."

ಅಣ್ಣ ಮೇಜಿಗೆ ಮುಖ ತಾಗುವಷ್ಟು ಬಗ್ಗಿದ. ಮಂಕು ವಾರ್ನಿಶ್ ಯಾವಾಗ ಬೇಕಾಗುತ್ತದೆ ಎಂಬುದನ್ನು ತಮ್ಮನಿಗೆ ಕಲಿಸಿದವನೇ ಅವನು. ಪ್ರತಿ ಸಲ ಕಾಗದ ಬದಲಿಸುವಾಗಲೂ ಹಿಂದಿನ ಗೀರು ಹೋಯಿತೇ ಎಂದು ತಿಳಿಯಲು ಅವನು ನಂಬಿದ್ದು ತನ್ನ ಕಣ್ಣನ್ನೇ.

"ಈ ಕಿಟಕಿ ಬೆಳಕೇ ಸರಿಯಿಲ್ಲ" ಎಂದ.

ಗಾದೆ ಹೇಳಲು ಈಗ ತಮ್ಮನ ಸರದಿಯಿತ್ತು. ಅವನು ಹೇಳಲಿಲ್ಲ. ಅಣ್ಣನಿಗೆ ಅದೇ ಇನ್ನಷ್ಟು ಉರಿಯಿತು.

"ಗೀರು ಎಲ್ಲಿದೆ ತೋರ್ಸು."

ತಮ್ಮ ಅವನ ಬೆರಳು ಹಿಡಿದು ಮೇಜಿನ ಮೇಲೆ ಎಳೆದ. "ಇಲ್ಲಿಂದ ಇಲ್ಲಿವರೆಗೂ. ಆಮೇಲೆ ಇಲ್ಲಿ." ಬೆರಳಿಗೆ ಸಿಕ್ಕಿದ್ದು ಬೆಣ್ಣೆಯಂಥ ನುಣುಪು ಮಾತ್ರ. ಕಣ್ಣಿಗೆ ಬರೀ ಕಪ್ಪು.

ಅಣ್ಣ ಎಂಬತ್ತರ ಕಾಗದ ಹುಡುಕಿ ತಮ್ಮನ ಕೈಗೆ ತುರುಕಿದ.

"ಮೊದಲಿಂದ ಉಜ್ಜು. ಒಂದು ನಂಬರು ಹಾರಿಸಿದ್ಯೋ, ನೋಡು ಮತ್ತೆ."

"ಆಯ್ತಣ್ಣ."

"ಸಂಜೆ ಮನೆಗೆ ಬಂದು ನಿಮ್ಮ ಅತ್ತಿಗೇನ ಕೇಳು, ಆ ಡಾಕ್ಟ್ರು ಎಷ್ಟೊತ್ತಿಗೆ ಸಿಗ್ತಾರೆ ಅಂತ. ನಾನಂತೂ ಕೇಳಲ್ಲ."